ಅಸಲಿ ಮಗಳು

ಪ್ರಾಜೆಕ್ಟ್ ಪರೀಕ್ಷೆಯ ದಿನವೇ ಪ್ರಾಜೆಕ್ಟನ್ನು ಮನೆಯಲ್ಲಿ ಬಿಟ್ಟು ಬರುವ ದಡ್ಡಿ ಎಲ್ಲಾದರೂ ಇದ್ದಾಳೆಯೇ? ಇದ್ದಾಳೆ. ನಾನೇ, ಮೂಗೂರಿನ ಕವನ, ನಂಜನಗೂಡಿನ ಕಾಲೇಜಿನಲ್ಲಿ ಕೊನೆಯ ವರ್ಷದ ಬಿಸಿಎ. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಹಾರ್ಡ್ ಡಿಸ್ಕು, ಅದರ ಪಕ್ಕ ಚಾರ್ಜಿಗೆ ಹಾಕಿದ್ದ ಫೋನು, ಎರಡೂ ಟಿವಿ ಸ್ಟ್ಯಾಂಡಿನ ಮೇಲೇ ಉಳಿದವು.

ಫೋನಿನಲ್ಲಿ ಬರುವ ದನಿ ಮನುಷ್ಯರದ್ದೋ ಎಐ ತಯಾರಿಸಿದ್ದೋ ಎಂದು ಹೇಳುವ ಸಾಫ್ಟ್‌ವೇರನ್ನು ನಾನೂ ನನ್ನ ಸಹಪಾಠಿ ನಂಜೇಶನೂ ಸೇರಿ ಮಾಡಿದ್ದೆವು. ಟಿವಿಯವರ ಕನ್ನಡಕ್ಕೆ ಇಂಥದ್ದನ್ನು ಯಾರಾದರೂ ಮಾಡಿಯಾರು, ನಮ್ಮ ಕಡೆಯ ಮಾತಿಗೆ ಯಾರು ಮಾಡುತ್ತಾರೆ? ಅದಕ್ಕೇ ಊರಿನ ಜಗುಲಿ ಜಗುಲಿ ಅಲೆದು ದನಿಗಳನ್ನು ಹಿಡಿದು, ಒಂದೊಂದಕ್ಕೂ ನಕಲಿ ದನಿ ತಯಾರಿಸಿ, ಎರಡನ್ನೂ ಕೇಳಿಸಿ ಅದಕ್ಕೆ ಕಲಿಸಿದ್ದೆವು. ಅಷ್ಟೂ ಆ ಡಿಸ್ಕಿನಲ್ಲಿತ್ತು. ಮೈಸೂರಿನಿಂದ ಬಂದಿದ್ದ ಪರೀಕ್ಷಕರು ಒಂದು ಗಂಟೆಗೆ ಹೊರಡುವವರು. ಅಷ್ಟರೊಳಗೆ ತೋರಿಸದಿದ್ದರೆ ಇಬ್ಬರೂ ಫೇಲ್.

“ಇನ್ನೊಂದು ಕಾಪಿ ಇಲ್ವೇನಮ್ಮಾ?” ಎಂದರು ನಮ್ಮ ರಾಜೇಂದ್ರ ಸರ್. ನಾನು ನಂಜೇಶನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

ಸರ್ ತಮ್ಮ ಫೋನನ್ನೇ ಕೊಟ್ಟು ಪಕ್ಕದಲ್ಲಿ ನಿಂತರು. ಹತ್ತೂವರೆಗೆ ಮೂಗೂರು ಬಿಡುವ ಬಸ್ಸೊಂದು ನರಸೀಪುರದ ಮೇಲೆ ನಂಜನಗೂಡಿಗೆ ಬರುತ್ತದೆ. ಅದರ ಕಂಡಕ್ಟರ್ ಕೈಗೆ ಅವ್ವ ಡಿಸ್ಕು ಕೊಟ್ಟರೆ ಮುಗಿಯಿತು. ಸರ್ ಕೇಳಿಸಿಕೊಳ್ಳುತ್ತಿದ್ದಾರಲ್ಲ ಎಂದು ನಾನೂ ನಯವಾಗಿಯೇ ಶುರುಮಾಡಿದೆ.

“ಅಮ್ಮಾ, ನಾನು ಕವನ. ದಯವಿಟ್ಟು ಒಂದು ಸಹಾಯ ಮಾಡ್ತೀಯಾ?”

“ಯಾರಮ್ಮಾ ನೀನು?” ಎಂದಳು ಅವ್ವ.

“ನಿನ್ನ ಮಗಳು!”

“ನನ್ ಮಗಳ ಫೋನು ಇಲ್ಲೇ ಅದೆ. ಇದ್ಯಾವ್ದೋ ಬ್ಯಾರೆ ನಂಬರು.”

ಟಿವಿ ಸ್ಟ್ಯಾಂಡು, ಕಪ್ಪು ಡಬ್ಬಿಯಂಥ ಡಿಸ್ಕು, ಬಸ್ಸು, ಕಂಡಕ್ಟರು ಎಲ್ಲ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅವಳ ಅನುಮಾನ ಗಟ್ಟಿಯಾಯಿತು.

“ಓಹೋ! ಮನೆ ಸಾಮಾನ ತಕಂಡೋಗಿ ಯಾರ್ ಕೈಗೋ ಕೊಡ್ಬೇಕಾ? ಇಂಗೇ ಅಂತೆ ನೀವು ಮೋಸ ಮಾಡೋದು. ನನ್ ಮಗಳು ಎಲ್ಲಾನೂ ಏಳ್ಕೊಟ್ಟವ್ಳೆ.”

ಮಾಡಿದ್ದುಣ್ಣೋ ಮಹಾರಾಯ! ಹೇಳಿಕೊಟ್ಟವಳು ನಾನೇ. ಹೋದ ತಿಂಗಳು ನಮ್ಮ ಬೀದಿಯ ಹೆಂಗಸರಿಗೆ ತೋರಿಸಲೆಂದು ನನ್ನ ದನಿಯದೇ ನಕಲಿ ಮಾಡಿ, ಒಳಕೋಣೆಯಿಂದ ಫೋನ್ ಮಾಡಿ ಅವ್ವನಿಗೆ ಕೇಳಿಸಿದ್ದೆ: “ಅವ್ವಾ, ಬಸ್ಸಿಂದ ಬಿದ್ಬುಟ್ಟೆ ಕಣವ್ವಾ.” ಅವ್ವ ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿದಳು. ಬೀದಿಗೆ ಬೀದಿಯೇ ನಕ್ಕಿತು, ನಾನೂ ನಕ್ಕೆ. ಗುರುತಿಲ್ಲದ ನಂಬರಿನಿಂದ ನನ್ನ ದನಿಯೇ ಬಂದರೂ ನಂಬಬೇಡ, ಏನಾದರೂ ಪ್ರಶ್ನೆ ಕೇಳು ಎಂದು ಆಮೇಲೆ ಪಾಠ ಬೇರೆ. ಇನ್ನೊಮ್ಮೆ ಮೋಸ ಹೋಗಬಾರದೆಂದು ಅವ್ವ ಅವತ್ತಿನಿಂದ ಹಠ ತೊಟ್ಟಿದ್ದಳು.

“ಹಾಗಾದ್ರೆ ಪ್ರಶ್ನೆ ಕೇಳಮ್ಮಾ,” ಎಂದು ಬೇಡಿಕೊಂಡೆ.

“ಕೊಟ್ಟಿಗೇಲಿರೋ ನಮ್ಮ ಅಸೀನ ಎಸರೇನು?”

“ಗೌರಿ!”

“ಅದು ಊರ್ಗೆಲ್ಲಾ ಗೊತ್ತು. ಇರು, ಬ್ಯಾರೆ ಕೇಳ್ತೀನಿ.” ಅವ್ವ ಪಕ್ಕದ ಮನೆ ಮುತ್ತಮ್ಮನನ್ನೂ ಕೂಗಿ ಕರೆದಳು. ಇಬ್ಬರೂ ಸೇರಿ ಪ್ರಶ್ನೆ ಹುಡುಕತೊಡಗಿದರು. ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು ದಾಟಿತ್ತು. ನಂಜೇಶ್ ತಲೆಯ ಮೇಲೆ ಕೈ ಹೊತ್ತು ಕುಳಿತ.

“ನನ್ ಮಗಳು ಬೆಳಿಗ್ಗೆ ಏನ್ ತಿಂದೋದ್ಲು?”

“ಏನೂ ತಿನ್ನಲಿಲ್ಲ!”

“ಅದ್ಯಾವ ದೊಡ್ಡ ಪ್ರಶ್ನೆ ಮಾದೇವಮ್ಮಾ,” ಎಂದಿತು ಮುತ್ತಮ್ಮನ ದನಿ. “ಕಾಲೇಜಿಗೋಗೋ ಐಕ್ಳು ಯಾವು ತಿಂದೋಯ್ತವೆ? ಇಡು ಫೋನ, ಕಳ್ಳರು ಕಣ್ ಇವ್ರು.”

ಸರ್ ಪಕ್ಕದಲ್ಲಿರುವುದು ಮರೆತೇ ಹೋಯಿತು.

“ಏ ಅವ್ವಾ! ನಿಂಗೇನು ಬುದ್ದಿಗಿದ್ದಿ ಅದಾ ಇಲ್ವಾ? ನಾನಿಲ್ಲಿ ಸಾಯ್ತಾ ಇದ್ರೆ ಅಸೀನ ಎಸರು ಕೇಳ್ತೀಯಲ್ಲಾ! ಮದ್ಲು ಆ ಮುತ್ತಮ್ಮನ ಬಾಯಿ ಮುಚ್ಚುಸು! ಎದ್ದು ಓಗು, ಬಸ್ಸು ಒಂಟೋಯ್ತದೆ!”

“ಅಯ್ಯೋ, ಇದು ನನ್ ಮಗಳೇ ಕಣ್ ಮುತ್ತಮ್ಮಾ!” ಅವ್ವನಿಗೆ ಹಿಗ್ಗೋ ಹಿಗ್ಗು. “ಬೈಬ್ಯಾಡ ಕಣವ್ವ, ಇಗೋ ಓಡ್ದೆ!”

ಸರ್ ಕೆಮ್ಮಿ ಕಿಟಕಿಯ ಕಡೆ ತಿರುಗಿದರು. ನನಗೆ ಮುಖ ಎತ್ತಲಾಗಲಿಲ್ಲ.

ಹನ್ನೆರಡು ದಾಟಿದ ಮೇಲೆ ನಂಜೇಶ್ ಬಸ್‌ಸ್ಟ್ಯಾಂಡಿನಿಂದ ಓಡುತ್ತಾ ಬಂದ. ಹಳೇ ಟವೆಲಿನಲ್ಲಿ ಸುತ್ತಿದ ಡಿಸ್ಕು, ಜೊತೆಗೆ ನನಗೊಂದು ಡಬ್ಬಿ ಚಿತ್ರಾನ್ನ. ಸಾಫ್ಟ್‌ವೇರ್ ಒಂದೆರಡು ಕಡೆ ಎಡವಿದರೂ ಮಾನ ಉಳಿಸಿತು. ನಕಲಿಯನ್ನು ಹೇಗೆ ಗುರುತಿಸುತ್ತದೆ ಎಂದು ಪರೀಕ್ಷಕರು ಕೇಳಿದಾಗ, ಉಸಿರು, ತಡವರಿಕೆ, ಮಾತಿನ ಏರಿಳಿತ ಎಂದು ನಂಜೇಶ್ ಪಟಪಟ ಹೇಳಿದ. ನಾನು ಅವ್ವನ ಫೋನನ್ನೇ ನೆನೆಯುತ್ತಿದ್ದೆ. ಹೆತ್ತವಳು ನನ್ನನ್ನು ಗುರುತು ಹಿಡಿದದ್ದು ಬೈಗುಳದಿಂದ. ಇಷ್ಟು ವರ್ಷ ಅವಳಿಗೆ ನಾನು ಕೇಳಿಸಿದ್ದು ಅದನ್ನೇ ಅಲ್ಲವೇ? ನಾಚಿಕೆಯಾಯಿತು, ಅಳುವೂ ಬಂತು.

ಪರೀಕ್ಷಕರು ಹೋದ ಮೇಲೆ ಸರ್ ಫೋನನ್ನೇ ಮತ್ತೆ ಇಸಿದುಕೊಂಡು ವರಾಂಡದ ಮೂಲೆಗೆ ಹೋದೆ. ಈ ಸಲ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

“ಅವ್ವಾ, ಪಾಸಾದೆ ಕಣವ್ವಾ. ನೀನು ಉಂಡ್ಯಾ? ಬಿಸಿಲಲ್ಲಿ ಓಡೋಡಿ ಕಾಲು ನೊಂದ್ವೇನೋ. ಸ್ವಲ್ಪ ಮಲಿಕೋ, ಬಂದು ನಾನೇ ಅಡಿಗೆ ಮಾಡ್ತೀನಿ.”

ಅವ್ವನ ದನಿ ಫೋನಿನಿಂದ ದೂರ ಸರಿಯಿತು.

“ಮುತ್ತಮ್ಮಾ, ಬಾ ಇಲ್ಲಿ. ಆ ಕಳ್ಳರು ತಿರ್ಗಾ ಫೋನ್ ಮಾಡವ್ರೆ.”