ಮದುವೆಯ ತಾರೀಖು

ಪ್ರವೀಣ್‌ಕುಮಾರನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ನೀಲಗಿರಿಯ ತುಮ್ಮನಟ್ಟಿಯ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಅವನ ಕೆಲಸವೂ ಅಂಥದ್ದೇ. ಕೂನೂರಿನ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ಅವನು ಟೀ ರುಚಿ ನೋಡುವವನು. ಬೆಳಿಗ್ಗೆ ಉದ್ದ ಮೇಜಿನ ಮೇಲೆ ಸಾಲಾಗಿ ಇಟ್ಟ ಬಿಳಿ ಬಟ್ಟಲುಗಳಿಂದ ಒಂದೊಂದು ಚಮಚ ಸೊರ್ರನೆ ಹೀರಿ, ಬಾಯಲ್ಲಿ ಆಡಿಸಿ ಉಗುಳಿ, ಇದು ಪರವಾಗಿಲ್ಲ, ಇದು ಸುಟ್ಟಿದೆ, ಇದರಲ್ಲಿ ಜೀವವಿಲ್ಲ ಎಂದು ಹೇಳಬೇಕು. ಎದುರಿಗಿದ್ದವರ ಮುಖ ನೋಡಿ ಮಾತು ಬದಲಿಸುವವನಿಗೆ ಆ ಕೆಲಸ ಒಗ್ಗುವುದಿಲ್ಲ.

ಅವನ ಹೆಂಡತಿ ಭವ್ಯಾ ಕೆನಡಾದ ಸ್ಯಾಸ್ಕಟೂನ್ ಎಂಬ ಊರಿನಲ್ಲಿ ವೃದ್ಧಾಶ್ರಮವೊಂದರ ನರ್ಸ್. ಕೋತಗಿರಿ ಕಡೆಯ ಹುಡುಗಿ. ಅಲ್ಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು, ಅಲ್ಲೇ ನೆಲೆಸುವ ಅನುಮತಿಯೂ ಸಿಕ್ಕಿತ್ತು. ಒಂದು ನವೆಂಬರ್‌ನಲ್ಲಿ ರಜೆ ಹಾಕಿ ಬಂದು ಮದುವೆಯಾದಳು. ಗಂಡನ ಜೊತೆ ಇದ್ದದ್ದು ಇಪ್ಪತ್ತನಾಲ್ಕು ದಿನ. ವಾಪಸ್ ಹೋದ ಮೇಲೆ ಅವನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಅದು ಮುಗಿಯಲು ಒಂದು ವರ್ಷವಾಗಬಹುದು, ಒಂದೂವರೆಯೂ ಆಗಬಹುದು ಎಂದರು.

ದಿನಾ ಸಂಜೆ ಅವನು ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ಅವಳಿಗೆ ಬೆಳಗಾಗಿರುತ್ತಿತ್ತು. ಅವಳು ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ ಮಾತು. ಹೀಗೇ ಒಂಬತ್ತು ತಿಂಗಳು ಕಳೆದ ಮೇಲೆ ಭವ್ಯಾ ಒಂದು ದಿನ, ಚಳಿಗಾಲದಲ್ಲಿ ಹೇಗೂ ನಿಮ್ಮ ಫ್ಯಾಕ್ಟರಿಗೆ ಬರುವ ಟೀ ಲೀಫ್ ಕಡಿಮೆ, ಮೂರು ತಿಂಗಳು ಸುಮ್ಮನೆ ನನ್ನನ್ನು ನೋಡಲು ಬಾ ಎಂದಳು. ಅರ್ಜಿ ಅದರ ಪಾಡಿಗೆ ನಡೆಯಲಿ, ನೋಡಲು ಬರುವ ವೀಸಾ ಬೇರೆಯೇ ಇದೆ ಎಂದಳು.

ಊಟಿಯಲ್ಲಿ ವೀಸಾ ಕಾಗದ ತುಂಬಿಕೊಡುವವನೊಬ್ಬ ಕೇಳಿದ ಕೂಡಲೇ ಆಗದೆಂದು ತಲೆಯಾಡಿಸಿದ. ಹೆಂಡತಿ ಅರ್ಜಿ ಹಾಕಿದ್ದಾಳೆಂದು ಬರೆದರೆ ಇವನು ಹೋದವನು ಬರುವುದಿಲ್ಲ ಎಂದುಕೊಳ್ಳುತ್ತಾರೆ, ಜಲಪಾತ ನೋಡಲು ಹೋಗುತ್ತೇನೆ ಎಂದು ಬರೆಯೋಣ ಎಂದ. ಪ್ರವೀಣ್‌ಕುಮಾರ್ ಜಲಪಾತ ನೋಡಲು ಹೋಗುತ್ತಿರಲಿಲ್ಲ. ಕಾಗದ ವಾಪಸ್ ತೆಗೆದುಕೊಂಡು ಮನೆಗೆ ಬಂದು ತಾನೇ ಬರೆದ: ನನ್ನ ಹೆಂಡತಿಯನ್ನು ನೋಡಬೇಕು. ಅವಳ ಜೊತೆ ಅಲ್ಲೇ ಬಾಳುವ ಆಸೆಯಿದೆ, ಅದಕ್ಕೆ ಅರ್ಜಿಯನ್ನೂ ಹಾಕಿದ್ದೇವೆ. ಅದು ಆಗುವ ತನಕ ನನ್ನ ಕೆಲಸ ಇಲ್ಲಿದೆ, ಆದ್ದರಿಂದ ಮಾರ್ಚ್ ಕೊನೆಗೆ ಹಿಂದಿರುಗುತ್ತೇನೆ.

ಅವನ ತಾಯಿ ಜೋಗಮ್ಮ ಅದನ್ನು ಓದಿಸಿ ಕೇಳಿದಳು. ಮೂರೂ ಮಾತು ನಿಜವೇ ತಾನೇ, ಹಾಗಾದರೆ ಕಳಿಸು ಎಂದಳು.

ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಯಿತು. ಬಸ್ಸು ಗೂಡಲೂರು ದಾಟಿ ತೆಪ್ಪಕಾಡಿಗೆ ಬಂದಾಗ ಅಲ್ಲಿನ ಅರಣ್ಯ ಇಲಾಖೆಯ ಕ್ಯಾಂಪಿನ ಆನೆಗಳು ಸ್ನಾನ ಮುಗಿಸಿ ರಸ್ತೆ ದಾಟುತ್ತಿದ್ದವು. ಕೊನೆಯ ಆನೆ ದಾರಿಯ ನಡುವೆ ನಿಂತು ಬಿದಿರಿನ ಕೊಂಬೆಯೊಂದನ್ನು ಪೂರ್ತಿ ತಿಂದು ಮುಗಿಸುವ ತನಕ ಯಾರೂ ಹಾರ್ನ್ ಮಾಡಲಿಲ್ಲ. ಅವನು ಕಚೇರಿ ಸೇರಿದಾಗ ಬಾಗಿಲು ಹಾಕಲು ಹತ್ತು ನಿಮಿಷವಿತ್ತು. ಐದು ವಾರದ ನಂತರ ವೀಸಾ ಬಂತು.

ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ನರೆಗೂದಲಿನ ಅಧಿಕಾರಿಯೊಬ್ಬಳು ಅವನ ಕಾಗದಗಳನ್ನು ತಿರುವಿ ಹಾಕಿದಳು. ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಳು. ಟೀ ಪುಡಿ, ಅವ್ವೆ ಕುಟ್ಟಿಕೊಟ್ಟ ಸಾರಿನ ಪುಡಿ, ಒಣಗಿಸಿದ ಅವರೆ ಎಂದು ಒಂದೊಂದಾಗಿ ಹೇಳಿದ. ಆಮೇಲೆ ಅವಳು ನೇರವಾಗಿ ಕೇಳಿದಳು:

"ನಿಮ್ಮನ್ನು ಇಲ್ಲಿಗೇ ಕರೆಸಿಕೊಳ್ಳಲು ಹೆಂಡತಿ ಅರ್ಜಿ ಹಾಕಿದ್ದಾರೆ. ನೀವು ವಾಪಸ್ ಹೋಗುತ್ತೀರೆಂದು ನಾನು ಹೇಗೆ ನಂಬಲಿ?"

"ಏಪ್ರಿಲ್‌ನಲ್ಲಿ ನಮ್ಮಲ್ಲಿ ಎಲೆ ಜೋರಾಗಿ ಬರುತ್ತದೆ. ನಾನಿಲ್ಲದಿದ್ದರೆ ಕೆಟ್ಟ ಟೀಯನ್ನೂ ಒಳ್ಳೆಯದೆಂದು ಕಳಿಸಿಬಿಡುತ್ತಾರೆ."

"ಇಲ್ಲೇ ಉಳಿಯುವ ಆಸೆ ಇಲ್ಲವೇ?"

"ಇದೆ. ತುಂಬಾ ಇದೆ. ಆದರೆ ನೀವು ಇರು ಅಂದ ಮೇಲೆ."

ಅವಳು ಅವನ ಮುಖವನ್ನು ಇನ್ನೊಮ್ಮೆ ನೋಡಿ ಮುದ್ರೆ ಒತ್ತಿದಳು.

ಸ್ಯಾಸ್ಕಟೂನ್‌ನಲ್ಲಿ ಮೊದಲ ವಾರ ಇಬ್ಬರಿಗೂ ಕಷ್ಟವಾಯಿತು. ಫೋನಿನಲ್ಲಿ ಒಂದು ವರ್ಷ ಎಡೆಬಿಡದೆ ಮಾತಾಡಿದವರು ಒಂದೇ ಅಡುಗೆಮನೆಯಲ್ಲಿ ಎದುರುಬದುರು ಕೂತಾಗ ಏನು ಮಾತಾಡುವುದೆಂದು ತೋಚದೆ ತಟ್ಟೆ ನೋಡುತ್ತಿದ್ದರು. ಅವಳು ಹಾಸಿಗೆಯಲ್ಲಿ ಯಾವ ಕಡೆ ಮಲಗುತ್ತಾಳೆಂಬುದೂ ಅವನಿಗೆ ಮರೆತಿತ್ತು. ಅವಳು ಕೆಲಸಕ್ಕೆ ಹೋದರೆ ಇವನೊಬ್ಬನೇ. ನೋಡಲು ಬಂದವನು ದುಡಿಯುವ ಹಾಗಿಲ್ಲ. ಮನೆಯ ಮುಂದಿನ ಹಿಮ ಎತ್ತಿ ಹಾಕುವುದು ದುಡಿಮೆಯೋ ಅಲ್ಲವೋ ಎಂದು ಅವಳನ್ನು ಕೇಳಿ ಖಚಿತ ಮಾಡಿಕೊಂಡೇ ಸಲಿಕೆ ಹಿಡಿದ.

ಎರಡನೇ ವಾರ ಜಗಳವಾಯಿತು. ಅವನು ಅವಳ ಕಪಾಟಿನಲ್ಲಿದ್ದ ಟೀ ಬ್ಯಾಗಿನ ಡಬ್ಬಿಯಿಂದ ಒಂದು ಲೋಟ ಮಾಡಿ ಕುಡಿದು, ಇದು ಟೀಯಲ್ಲ, ಗುಡಿಸಿದ ಧೂಳು ಎಂದು ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದ. ಸಂಜೆ ಬಂದ ಭವ್ಯಾ ಅದನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಇಲ್ಲಿ ಯಾರೂ ಇಲ್ಲದಾಗ ನಾಲ್ಕು ವರ್ಷ ನನಗೆ ಜೊತೆಯಾಗಿದ್ದದ್ದು ಈ ಧೂಳೇ, ಇದನ್ನು ಕುಡಿದೇ ಪರೀಕ್ಷೆಗೆ ಓದಿದೆ, ಇದನ್ನು ಕುಡಿದೇ ಅತ್ತಿದ್ದೇನೆ ಎಂದಳು. ಅವನು ಟೀ ಕೆಟ್ಟದ್ದು ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ಬಿಸಾಡಿದ್ದು ತಪ್ಪು ಎಂದ. ಆಮೇಲೆ ಆ ನಾಲ್ಕು ವರ್ಷದ ಕತೆ ಹೇಳು ಎಂದು ಕೇಳಿದ. ಫೋನಿನಲ್ಲಿ ಅವಳು ಯಾವತ್ತೂ ಹೇಳಿರದ ಸಂಗತಿಗಳವು. ಮೊದಲ ಚಳಿಗಾಲ ಬಸ್‌ಸ್ಟಾಪಿನಲ್ಲಿ ಕಾಲ್ಬೆರಳು ಮರಗಟ್ಟಿದ್ದು, ಆಶ್ರಮದ ಅಜ್ಜಿಯೊಬ್ಬಳು ಇವಳನ್ನು ತನ್ನ ಮಗಳೆಂದೇ ತಿಳಿದು ಆ ಮಗಳ ಹೆಸರು ಹಿಡಿದು ಕರೆಯುತ್ತಿದ್ದದ್ದು. ಆಮೇಲೆ ಅವರಿಗೆ ಮಾತಿಗೆ ಬರವಾಗಲಿಲ್ಲ.

ಜನವರಿ ಕೊನೆಗೆ ಅರ್ಜಿಯ ಬಗ್ಗೆ ವಲಸೆ ಇಲಾಖೆಯ ಪತ್ರ ಬಂತು. ನೀವು ಕೊಟ್ಟ ಚಿತ್ರಗಳಲ್ಲಿ ಮದುವೆಯ ವಿಧಿ ಕಾಣುತ್ತಿಲ್ಲ, ಮದುವೆ ಮಾಡಿಸಿದವರು ಯಾರು ಎಂಬುದೂ ತಿಳಿಯುತ್ತಿಲ್ಲ. ಅರ್ಜಿಯಲ್ಲಿ ಮದುವೆ ನವೆಂಬರ್ ಒಂಬತ್ತು ಎಂದಿದೆ, ಸರ್ಟಿಫಿಕೇಟಿನಲ್ಲಿ ಇಪ್ಪತ್ತೊಂದು ಎಂದಿದೆ. ಮೂವತ್ತು ದಿನದೊಳಗೆ ವಿವರಿಸಿ.

ಭವ್ಯಾ ಮದುವೆಯ ಚಿತ್ರಗಳನ್ನೆಲ್ಲ ಮತ್ತೆ ನೋಡಿದಳು. ತಾನು ಬಿಳಿ ಮುಂಡು ಸುತ್ತಿಕೊಂಡು ಹಿರಿಯರ ಮುಂದೆ ತಲೆ ಬಾಗಿದ ಚಿತ್ರ, ತಲೆಯ ಮೇಲೆ ನೀರಿನ ಕೊಡ ಹೊತ್ತು ಬರುವ ಚಿತ್ರ, ಊಟದ ಚಿತ್ರ. ಈಗ ಅವರ ಬಡಗ ಜನರಲ್ಲಿ ಎಷ್ಟೋ ಮಂದಿ ಮಂಟಪ ಹಿಡಿದು ತಾಳಿಯನ್ನೂ ಕಟ್ಟಿಸುತ್ತಾರೆ. ಇವರಿಬ್ಬರೂ ಹಳೆಯ ರೀತಿಯೇ ಸಾಕು ಎಂದಿದ್ದರು. ಗೊತ್ತಿಲ್ಲದವರಿಗೆ ಅದು ಯಾವುದೋ ಹುಡುಗಿ ನೀರಿಗೆ ಹೋದ ಹಾಗೆ ಕಾಣುತ್ತಿತ್ತು.

"ಸರ್ಟಿಫಿಕೇಟಿನ ತಾರೀಖನ್ನೇ ಬರೆದಿದ್ದರೆ ಈ ತೊಂದರೆ ಇರ್ತಿರಲಿಲ್ಲೆ" ಎಂದಳು ಭವ್ಯಾ. ಅರ್ಜಿಯ ಆ ಭಾಗ ತುಂಬಿದವನು ಅವನು.

"ಇಪ್ಪತ್ತೊಂದಕ್ಕೆ ಎಂಗ ಇಬ್ಬರೂ ಊಟಿಯ ರಿಜಿಸ್ಟರ್ ಆಫೀಸಿಗೆ ಹೋಗಿ ಸೈನ್ ಮಾಡಿದ್ದು. ಮದುವೆ ಆದದ್ದು ಒಂಬತ್ತಕ್ಕೆ."

ಅವಳಿಗೆ ಸಿಟ್ಟು ಬಂತು. ಸಂಜೆ ಜೋಗಮ್ಮನಿಗೆ ಫೋನ್ ಮಾಡಿದರು.

ಜೋಗಮ್ಮ ಐವತ್ತೆಂಟರ ಗಟ್ಟಿ ಹೆಂಗಸು. ತನ್ನ ತುಂಡು ಟೀ ತೋಟದಲ್ಲಿ ತಾನೇ ಎಲೆ ಕೀಳುತ್ತಿದ್ದಳು, ತುದಿಯಲ್ಲಿ ಕ್ಯಾರೆಟ್ಟೂ ಹಾಕುತ್ತಿದ್ದಳು. ವಿಷಯ ಕೇಳಿ, ಅವರಿಗೆ ಗೊತ್ತಿಲ್ಲೆ, ಕೇಳುತ್ತಾರೆ, ಹೇಳಿದರಾಯಿತು ಎಂದಳು. ಮರುದಿನವೇ ಹಟ್ಟಿಯ ಹಿರಿಯರನ್ನು ಕೂರಿಸಿದಳು. ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಅರಿ ಮಾಸ್ಟರನ್ನು ಬರೆಯಲು ಕರೆದಳು. ಮದುವೆಯ ದಿನ ಇದ್ದ ಹನ್ನೊಂದು ಜನ ಸಾಕ್ಷಿ ಹಾಕಲು ಒಪ್ಪಿದರು. ನೆರೆಮನೆಯ ಗೆಳತಿ ಚಿನ್ನಿ ವಿಡಿಯೊ ತೆಗೆಯಲು ಫೋನ್ ಹಿಡಿದಳು. ಜೋಗಮ್ಮ ಒಗೆದ ಮುಂಡು ಉಟ್ಟು, ತಲೆವಸ್ತ್ರ ಸರಿಮಾಡಿಕೊಂಡು, ಹಳ್ಳದ ದಾರಿಯಲ್ಲಿ ನಿಂತು ಮಾತಾಡಿದಳು:

"ನಾ ಜೋಗಮ್ಮ, ಪ್ರವೀಣನ ಅವ್ವೆ. ಎಂಗಳಲ್ಲಿ ಮದುವೆಗೆ ಪೂಜಾರಿ ಇಲ್ಲೆ, ಹೋಮ ಇಲ್ಲೆ. ಹೆಣ್ಣು ಹಟ್ಟಿಗೆ ಬಂದಳು. ದೊಡ್ಡವರಿಗೆ ತಲೆ ಬಾಗಿದಳು, ಅವರು ತಲೆ ಮೇಲೆ ಕೈಯಿಟ್ಟು ಒಂದಿದ್ದದ್ದು ಸಾವಿರವಾಗಲಿ ಎಂದು ಹರಸಿದರು. ನಾ ಅವಳ ಕೈಗೆ ಕೊಡ ಕೊಟ್ಟೆ. ಇದೇ ದಾರಿಯಲ್ಲಿ ಹೋಗಿ ನೀರು ತಂದಳು. ಆ ನೀರಲ್ಲಿ ನಾ ಅನ್ನ ಬೇಯಿಸಿದೆ, ಹಟ್ಟಿಯವರು ಉಂಡರು. ಅಲ್ಲಿಂದ ಅವಳು ಎಂಗಳ ಮನೆಯವಳು. ಊಟಿಯಲ್ಲಿ ಬರೆದುಕೊಟ್ಟದ್ದು ಸರ್ಕಾರಕ್ಕೆ. ಆ ತಾರೀಖೂ ಸುಳ್ಳಲ್ಲ. ನಿಂಗ ಯಾವುದನ್ನು ಬೇಕಾದರೂ ಇಟ್ಟುಕೊಳ್ಳಿ. ಎಂಗಳಿಗೆ ನೀರು ತಂದ ದಿನವೇ ಮದುವೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಚಿನ್ನಿ ಫೋನ್ ಇಳಿಸದೆ ಇದ್ದದ್ದರಿಂದ ಜೋಗಮ್ಮ ಮುಂದುವರಿಸಿದಳು. ಆ ಹುಡುಗಿಗೆ ಮೈ ಮೇಲೆ ಗಮನವಿಲ್ಲ, ಎರಡು ಜೊತೆ ಕಾಲುಚೀಲ ಹಾಕಿಕೊಂಡು ಹೊರಗೆ ಹೋಗಬೇಕು. ನನ್ನ ಮಗ ಗೊರಕೆ ಹೊಡೆಯುತ್ತಾನೆ, ಅದನ್ನು ಮದುವೆಗೆ ಮುಂಚೆ ನಾ ಹೇಳಲಿಲ್ಲ, ಅದೊಂದು ತಪ್ಪು ನನ್ನದು.

ಅರಿ ಮಾಸ್ಟರು ಇಂಗ್ಲಿಷಿಗೆ ಇಳಿಸುವಾಗ ಈ ಕೊನೆಯ ಭಾಗ ಬಿಟ್ಟರು. ಓದಿಸಿ ಕೇಳಿದ ಜೋಗಮ್ಮ, ಕಾಲುಚೀಲ ಎಲ್ಲಿ ಎಂದಳು. ಅದು ಸರ್ಕಾರಕ್ಕೆ ಬೇಡ ಎಂದರು ಮಾಸ್ಟರು. ನಾ ಹೇಳಿದ್ದರಲ್ಲಿ ಅರ್ಧ ಬರೆದು ಪೂರ್ತಿ ನಿಜ ಎಂದು ನನ್ನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸರಿಯಲ್ಲ ಎಂದಳು ಅವಳು. ಮಾಸ್ಟರು ಗೊರಕೆಯನ್ನೂ ಸೇರಿಸಿ ಬರೆದರು. ಊಟಿಯ ನೋಟರಿ ಮುಖ ಗಂಭೀರ ಮಾಡಿಕೊಂಡು ಪ್ರತಿ ಪುಟಕ್ಕೂ ಸೀಲು ಹಾಕಿದರು.

ಸ್ಯಾಸ್ಕಟೂನ್‌ನಲ್ಲಿ ಭವ್ಯಾ ಅದನ್ನು ಗಟ್ಟಿಯಾಗಿ ಓದುತ್ತ ಬಂದಳು. ನೀರಿನ ಕೊಡದ ಮಾತು ಬಂದ ಸಾಲನ್ನು ಇನ್ನೊಮ್ಮೆ ಓದಿದಳು. ಆ ದಿನ ಕೊಡ ತುಂಬಿ ಏರು ಹತ್ತುವಾಗ ಬಿದ್ದರೆ ಇಡೀ ಹಟ್ಟಿ ನಗುತ್ತದೆ ಎಂದು ಹೆದರಿದ್ದು, ಮೇಲೆ ನಿಂತಿದ್ದ ಅತ್ತೆ ಮೆಲ್ಲಗೆ ಬಾ ಎಂದು ಕಣ್ಣಲ್ಲೇ ಹೇಳಿದ್ದು ನೆನಪಾಯಿತು. ಕಾಲುಚೀಲದ ಸಾಲಿಗೆ ನಗು ಬಂತು. ಗೊರಕೆಗೆ ಬರುವಷ್ಟರಲ್ಲಿ ಅವಳು ಕುರ್ಚಿಯಲ್ಲಿ ಕೂರಲಾರದೆ ನೆಲದ ಮೇಲೆ ಕೂತಿದ್ದಳು. ಪ್ರವೀಣ್‌ಕುಮಾರ್ ಮಾತ್ರ, ಅವ್ವೆ ಹೇಳಿದ್ದು ನಿಜವೇ ಎಂದು ಕೇಳಿದ. ನಿಜ ಎಂದಳು ಭವ್ಯಾ. ಒಂದು ಅಕ್ಷರ ಬಿಡದೆ ಎಲ್ಲವನ್ನೂ ಕಳಿಸಿದರು.

ಮಾರ್ಚ್ ಬಂತು, ಉತ್ತರ ಬರಲಿಲ್ಲ. ಎಲ್ಲರೂ ಇನ್ನೂ ಕೆಲವು ತಿಂಗಳು ಇರಲು ಅನುಮತಿ ಕೇಳುತ್ತಾರೆ, ನೀನೂ ಕೇಳು, ಅದು ತಪ್ಪಲ್ಲ ಎಂದು ಭವ್ಯಾ ಹೇಳಿದಳು. ತಪ್ಪಲ್ಲ ಎಂದು ಅವನಿಗೂ ಗೊತ್ತಿತ್ತು. ಎರಡು ದಿನ ಯೋಚಿಸಿದ. ಫ್ಯಾಕ್ಟರಿಯವರು ಮೂರು ತಿಂಗಳು ಅವನ ಜಾಗ ಹಾಗೇ ಇಟ್ಟಿದ್ದರು.

"ಬರ್ತೇನೆ ಅಂತ ಅವರಿಗೂ ಹೇಳಿ ಬಂದಿದ್ದೇನೆ, ಭವ್ಯಾ. ಇಲ್ಲಿರೋ ಆಸೆಗೆ ಅಲ್ಲಿಯ ಮಾತು ತಪ್ಪಿದರೆ, ನಾಳೆ ನಿನಗೆ ಕೊಟ್ಟ ಮಾತಿಗೂ ಬೆಲೆ ಇರದು."

ಮರುದಿನ ಬೆಳಿಗ್ಗೆ ಭವ್ಯಾ ಅವನ ಪೆಟ್ಟಿಗೆಯನ್ನು ತಾನೇ ಇಳಿಸಿ, ಅತ್ತೆಗೆಂದು ದಪ್ಪ ಉಣ್ಣೆಯ ಸ್ವೆಟರು ಮಡಿಸಿಟ್ಟಳು.

ಮಾರ್ಚ್ ಕೊನೆಗೆ ಅವನು ಊರಿಗೆ ಬಂದಾಗ ಹಟ್ಟಿಯಲ್ಲಿ ಯಾರೂ ಅವನ ಮಾತು ನಂಬಲಿಲ್ಲ. ಕೆನಡಾಕ್ಕೆ ಹೋದವನು ತಾನಾಗಿ ಬರುತ್ತಾನೆಯೇ, ಹೊರಗೆ ಹಾಕಿರಬೇಕು ಎಂದರು ಕೆಲವರು. ಹೆಂಡತಿ ಜೊತೆ ಸರಿಹೋಗಲಿಲ್ಲವಂತೆ ಎಂದರು ಇನ್ನು ಕೆಲವರು. ಪ್ರವೀಣ್‌ಕುಮಾರ್ ಕೇಳಿದವರಿಗೆಲ್ಲ ಲೀಫ್ ಬಂತು, ಅದಕ್ಕೆ ಬಂದೆ ಎಂದ. ಮೇಜಿನ ಮೇಲೆ ಬಟ್ಟಲುಗಳು ದಿನಕ್ಕೆ ಎರಡು ಸಾಲಾದವು. ಸಂಜೆ ಫೋನಿನಲ್ಲಿ ಈಗ ಮಾತು ಬೇರೆ ಥರ ಇತ್ತು. ಅವಳ ಬಸ್‌ಸ್ಟಾಪು, ಪಕ್ಕದ ಮನೆಯ ನಾಯಿ, ಸೋರುವ ನಲ್ಲಿ ಎಲ್ಲ ಅವನಿಗೆ ಗೊತ್ತಿದ್ದವು.

ಮೇ ತಿಂಗಳ ಮೂರನೇ ವಾರ, ಅವನು ತುಮ್ಮನಟ್ಟಿಯಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ ಫೋನ್ ಬಂತು.

"ಆಯ್ತು" ಎಂದಳು ಭವ್ಯಾ. "ಮದುವೆ ಒಪ್ಪಿದ್ದಾರೆ. ನಿನ್ನ ಪಾಸ್‌ಪೋರ್ಟ್ ಕಳಿಸು ಅಂದಿದ್ದಾರೆ."

ಅವನು ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಯಾವ ತಾರೀಖು ಇಟ್ಟುಕೊಂಡರು ಎಂದು ಕೇಳಿದ. ಅದನ್ನೇನೂ ಬರೆದಿಲ್ಲ, ಬರೆದಿದ್ದರೂ ನೀನು ಈಗ ಕೇಳಬೇಕಾದ ಪ್ರಶ್ನೆ ಅದಲ್ಲ ಎಂದಳು ಅವಳು. ಇಬ್ಬರೂ ನಕ್ಕರು.

ಫ್ಯಾಕ್ಟರಿಯಲ್ಲಿ ತನ್ನ ಜಾಗಕ್ಕೆ ಬರುವ ಹುಡುಗಿಗೆ ಎರಡು ತಿಂಗಳು ಕೆಲಸ ಕಲಿಸಿ, ಆಗಸ್ಟ್‌ನಲ್ಲಿ ಅವನು ಹೊರಟ. ಕರೆದುಕೊಂಡು ಹೋಗಲು ಭವ್ಯಾ ಹತ್ತು ದಿನ ರಜೆ ಹಾಕಿ ಬಂದಿದ್ದಳು. ಘಟ್ಟದ ಕೆಳಗಿನ ಮೆಟ್ಟುಪಾಳ್ಯಂಗೆ ಇಳಿಯುವ ಬಸ್ಸಿನಲ್ಲಿ, ಬೀಳ್ಕೊಡಲು ಬಂದ ಜೋಗಮ್ಮ ಅವರಿಬ್ಬರ ನಡುವೆ ಕೂತಳು. ತಿರುವಿನಲ್ಲಿ ಬಸ್ಸು ವಾಲಿದಾಗ ಕೈಚೀಲದಿಂದ ಒಂದು ಲಕೋಟೆ ತೆಗೆದು ಸೊಸೆಯ ಮಡಿಲಲ್ಲಿಟ್ಟಳು. ಒಳಗೆ ಬಿಳಿ ಹಿನ್ನೆಲೆಯಲ್ಲಿ ತೆಗೆಸಿದ ಜೋಗಮ್ಮನದೇ ನಾಲ್ಕು ಚಿತ್ರಗಳೂ ಹೊಚ್ಚಹೊಸ ಪಾಸ್‌ಪೋರ್ಟೂ ಇದ್ದವು.

"ಮುಂದಿನ ಚಳಿಗೆ ನಾ ಬಪ್ಪೆ" ಎಂದಳು. "ಎರಡೇ ತಿಂಗಳು. ತೋಟ ನೋಡಿಕೊಳ್ಳಲು ಚಿನ್ನಿ ಒಪ್ಪಿದ್ದಾಳೆ."

ಭವ್ಯಾ ಅಲ್ಲೇ, ಬಸ್ಸಿನಲ್ಲೇ, ಫೋನ್ ತೆಗೆದು ಅತ್ತೆಯ ಹುಟ್ಟಿದ ದಿನ ಯಾವುದೆಂದು ಕೇಳಿ ಅರ್ಜಿ ತುಂಬತೊಡಗಿದಳು.