ನಳಿಗೆಗೆ ಬಾಯಿ

ಬಸವನ ಬಾಗೇವಾಡಿಯ ಕಿರಾಣಿ ವ್ಯಾಪಾರಿ ರೇವಪ್ಪ ಬಾಟಲಿಯನ್ನು ಇಂಡಿಯ ಮಲಿಕಸಾಬನ ಮನೆಕಟ್ಟೆಯ ಮೇಲೆ ಕುಕ್ಕಿದ. ಒಳಗಿನ ನಿಂಬೆರಸ ಚಹಾದ ಬಣ್ಣಕ್ಕೆ ತಿರುಗಿತ್ತು.

"ಏನಿದು ಮಲಿಕಸಾಬ? ಶರಬತ್ತೋ, ಎತ್ತಿಗೆ ಕುಡಿಸೋ ಕಷಾಯೋ?"

ಮಲಿಕಸಾಬ ಬಾಟಲಿಯನ್ನು ನೋಡಲಿಲ್ಲ, ಅಳಿಯ ಜೈನುದ್ದೀನನನ್ನು ನೋಡಿದ. "ನಮ್ಮ ಎಂಜಿನಿಯರ್ ಸಾಹೇಬರನ್ನ ಕೇಳ್ರಿ. ರಸದಾಗಿನ ಗಾಳಿ ತೆಗೀತಾರಂತ. ನಾ ಇಷ್ಟು ವರ್ಷ ಗಾಳಿ ಇದ್ದ ರಸಾನ ಮಾರೇನಿ. ಯಾರೂ ತಿರುಗಿ ತಂದಿಲ್ಲ."

"ನೀವು ಇವತ್ತ ಹಿಂಡಿ ನಾಳೆ ಮಾರ್ತಿದ್ರಿ. ಕೆಂಪಾಗಾಕ ವ್ಯಾಳ್ಯಾ ಎಲ್ಲಿತ್ತು?" ಅಂದ ಜೈನುದ್ದೀನ.

"ಮಾತಿಗೇನು ಕಡಿಮಿಲ್ಲ," ಎಂದು ರೇವಪ್ಪ ನಕ್ಕ. "ಬದಲಿ ಮಾಲು ಕೊಡ್ರಿ. ಹೊತ್ತು ಮುಳುಗೂದ್ರೊಳಗಿನ ಮೋಟಾರಿಗೆ ಹೊಂಡ್ತೇನಿ. ಇದೂ ಕೆಂಪಾತಂದ್ರ ಮತ್ತ ಇಂಡಿ ಕಡೆ ಮಾರಿ ಹಾಕಂಗಿಲ್ಲ."

ಬಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆ ಅದು. ಪುಣೆಯ ಹಣ್ಣಿನ ರಸದ ಕಾರ್ಖಾನೆಯಲ್ಲಿ ಕೆಲಸ ಕಲಿತ ಜೈನುದ್ದೀನ ಮಾವನ ಮನೆಯಲ್ಲೇ ಉಳಿದು, ರಸ ಕೆಂಪಾಗದಂತೆ ಅದರ ಗಾಳಿ ಎಳೆದು ತೆಗೆಯುವ ಈ ಪಂಪು ಕೂಡಿಸಿದ್ದ. ಮಲಿಕಸಾಬ ಆಗಲೇ ಕರಾರು ಹಾಕಿದ್ದ: ಮಾಲು ಕೆಟ್ಟರೆ ಪಂಪು ಗುಜರಿಗೆ, ಅಳಿಯ ತನ್ನ ಊರು ಅಗರಖೇಡಕ್ಕೆ. ಮಗಳನ್ನು ಕಳಿಸುವುದಿಲ್ಲ.

ಜೈನುದ್ದೀನ ಹಿತ್ತಲಿನ ಛಪ್ಪರಕ್ಕೆ ಬಂದ. ಬೂಚು ತರಲೆಂದು ಸೊಲ್ಲಾಪುರಕ್ಕೆ ಹೋದವನು ಹಿಂದಿನ ದಿನವಷ್ಟೇ ಮರಳಿದ್ದ. ಆಳು ಅಮಸಿದ್ದ ಪಂಪಿನ ಗಾಲಿ ತಿರುಗಿಸುತ್ತಿದ್ದ. ಗಾಜಿನ ಮುಚ್ಚಳ ಬಿಗಿದ ಪಿಂಗಾಣಿ ಭರಣಿಯೊಳಗಿನ ರಸ ಬೆಂಕಿಯಿಲ್ಲದೆ ಕುದಿಯುತ್ತಿತ್ತು. ಕಣ್ಣಿಗೆ ಕಾಣದಂತೆ ರಸದಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಎದ್ದು ಬರುತ್ತಿತ್ತು. ಗುಳ್ಳೆ ನಿಂತ ಮೇಲೆ ಪಂಪು ನಿಲ್ಲಿಸಿ ಅರ್ಧ ತಾಸು ಕಾಯ್ದರು. ಮುಚ್ಚಳ ಬಿಗಿಯಾಗಿ ಕಚ್ಚಿಕೊಂಡೇ ಇತ್ತು; ಗಾಳಿ ಎಲ್ಲಿಂದಲೂ ಒಳಗೆ ನುಗ್ಗಿರಲಿಲ್ಲ. ಪಂಪಿನಲ್ಲಿ ದೋಷವಿರಲಿಲ್ಲ.

ಅಮಸಿದ್ದ ಮುಚ್ಚಳ ಬಿಚ್ಚಿದ. ಜೈನುದ್ದೀನನ ಹೆಂಡತಿ ಸಗೀರಾ ಭರಣಿಯನ್ನು ಓರೆ ಮಾಡಿ ರಸವನ್ನು ತಂಬಿಗೆಗೆ ಸುರಿದುಕೊಂಡಳು. ತಂಬಿಗೆಯನ್ನು ಭುಜದೆತ್ತರಕ್ಕೆ ಎತ್ತಿ ಬಾಟಲಿಯ ಬಾಯಿಗಿಟ್ಟ ಲಾಳಿಕೆಗೆ ಧಾರೆ ಬಿಟ್ಟಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಬಾಟಲಿಯ ಕತ್ತಿನವರೆಗೆ ನೊರೆ ಎದ್ದಿತು.

"ಏನ್ ಮಾಡಾಕತ್ತಿ?" ಅಂದ ಜೈನುದ್ದೀನ.

"ಕಾಣ್ಸೂದಿಲ್ಲೇನು? ತುಂಬಾಕತ್ತೇನಿ."

"ರಬ್ಬರ್ ನಳಿಗಿ ಎಲ್ಲಿ?"

"ಗೂಟಕ್ಕೈತಿ."

"ತೆಗೆದ ಗಾಳೀನ ತಿರುಗಿ ಕುಡಿಸಾಕತ್ತಿ ನೀನು. ನಳಿಗೀಲೆ ಬಾಟ್ಲಿ ತಳಕ್ಕ ಬಿಡಬೇಕು, ಸಪ್ಪಳಾಗದಂಗ. ಎಷ್ಟ ಸಲ ಹೇಳೇನಿ?"

ಸಗೀರಾ ತಂಬಿಗೆ ಇಳಿಸಿದಳು. "ನಳಿಗಿ ಹರೀಬೇಕಂದ್ರ ಬಾಯಿಲೆ ಎಳೀಬೇಕು. ಎಳದ್ರ ರಸ ಬಾಯಿಗೆ ಬರ್ತೈತಿ. ರಂಜಾನದ ರೋಜಾ ಇದ್ದಾಕಿ ನಾನು, ಹಗಲಾಗ ಹನಿ ನುಂಗಂಗಿಲ್ಲ. ನಾ ಎಳೀಲೇನು, ಅಪ್ಪ ಎಳೀಲೇನು?"

ಜೈನುದ್ದೀನ ಗೂಟದತ್ತ ನೋಡಿದ. ಪುಣೆಯಲ್ಲಿ ಭರಣಿಯ ಬುಡಕ್ಕೇ ನಲ್ಲಿ ಇತ್ತು, ಬಾಯಿಂದ ಎಳೆಯಬೇಕಿರಲಿಲ್ಲ. ಇಲ್ಲಿ ನಳಿಗೆ ಹಿಡಿಯಲು ಕಲಿಸಿದ್ದು ರಂಜಾನಿಗೆ ಮೊದಲು. ಚಂದ್ರ ಕಂಡ ದಿನದಿಂದ ನಳಿಗೆ ಗೂಟದಲ್ಲೇ ತೂಗುತ್ತಿತ್ತು.

"ನನಗ ಹೇಳಬೇಕಿತ್ತಲ್ಲ."

"ನೀವು ಕೇಳಿದ್ರೇನು? ಸೊಲ್ಲಾಪುರದಾಗ ನೀವಾರ ರೋಜಾ ಹಿಡಿದಿದ್ರೋ ಇಲ್ಲೋ, ದೇವರಿಗೇ ಗೊತ್ತು."

ಅವನು ಅಮಸಿದ್ದನತ್ತ ತಿರುಗಿದ. "ನಿನಗ ರೋಜಾ ಇಲ್ಲಲ್ಲ. ಎಳಿ."

ಅಮಸಿದ್ದ ಗಾಲಿಯ ಹಿಡಿಕೆ ಬಿಡಲಿಲ್ಲ. "ಗಾಲಿ ಬೇಕಾದಷ್ಟು ತಿರುವ್ತೇನ್ರಿ. ನಿಮ್ಮ ಮನಿಯವರ ಬಾಯಿ ಮುಟ್ಟಿದ ನಳಿಗಿ ಕಚ್ಚಿದ್ರ ನಮ್ಮವ್ವ ನನಗ ಹೊರಗ ಉಣ್ಣಾಕ ಹಾಕ್ತಾಳ."

ರೇವಪ್ಪ, ಮಲಿಕಸಾಬ ಇಬ್ಬರೂ ಛಪ್ಪರದ ಬಾಗಿಲಿಗೆ ಬಂದು ನಿಂತಿದ್ದರು. "ನನ್ನ ಮಾರಿ ನೋಡಬ್ಯಾಡಪಾ," ಅಂದ ರೇವಪ್ಪ. "ಅಂವ ಹೊರಗರ ಉಣ್ತಾನ, ನನ್ನ ಹೇಣ್ತಿ ಅದನ್ನೂ ಹಾಕಂಗಿಲ್ಲ."

"ಸುರುವು ಮಗಳ," ಅಂದ ಮಲಿಕಸಾಬ. ಅವನ ದನಿ ಬಹಳ ಮೆತ್ತಗಿತ್ತು. "ಎತ್ತರದಿಂದ ಸುರುವು. ನೊರಿ ಬರಲಿ."

ಈ ರಸವೂ ಕೆಂಪಾಗಲೆಂದು ಮಾವ ಕಾಯುತ್ತಿದ್ದಾನೆ ಎಂಬುದು ಜೈನುದ್ದೀನನಿಗೆ ಸ್ಪಷ್ಟವಾಯಿತು. ಹೊತ್ತು ಮುಳುಗಿ ರೋಜಾ ಬಿಡುವ ಇಫ್ತಾರಿನ ತನಕ ರೇವಪ್ಪನ ಮೋಟಾರು ಬಸ್ಸು ನಿಲ್ಲುವುದಿಲ್ಲ. ಎಲ್ಲರ ಕಣ್ಣೂ ತನ್ನ ಬಾಯಿಯ ಮೇಲಿದ್ದವು. ಸೊಲ್ಲಾಪುರದಲ್ಲೂ ಅವನು ರೋಜಾ ಬಿಟ್ಟಿರಲಿಲ್ಲ. ಹಾಗೆಂದರೆ ಇಲ್ಲಿ ನಂಬುವವರಿರಲಿಲ್ಲ.

ಸಗೀರಾ ಮತ್ತೆ ತಂಬಿಗೆ ಎತ್ತಿದಳು. ಅವನು ಅದನ್ನು ಕಸಿದು ಕೆಳಗಿಟ್ಟ. ಗೂಟದಿಂದ ನಳಿಗೆ ಇಳಿಸಿ ಒಂದು ತುದಿಯನ್ನು ಭರಣಿಗೆ ಬಿಟ್ಟ, ಇನ್ನೊಂದನ್ನು ಬಾಯಿಗೆ ಹಚ್ಚಿ ಎಳೆದ.

ಹುಳಿ ಹಲ್ಲಿಗೆ ಹೊಡೆಯಿತು. ಅರ್ಧ ಗಂಟಲಿಗೆ ಇಳಿಯಿತು, ಉಳಿದದ್ದನ್ನು ನೆಲಕ್ಕೆ ಉಗುಳಿದ. ತುದಿಯನ್ನು ಒತ್ತಿ ಹಿಡಿದು ಬಾಟಲಿಯ ತಳಕ್ಕೆ ಇಳಿಸಿದ. ರಸ ಸದ್ದಿಲ್ಲದೆ ಏರಿತು. ನೊರೆ ಬರಲಿಲ್ಲ.

ಮಲಿಕಸಾಬ ತುಂಬಿದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ.

"ಬಾಟ್ಲಿ ಬೆಳ್ಳಗ ಉಳೀತಾವ, ಒಪ್ಪಿದೆ," ಅಂದ ಮಲಿಕಸಾಬ. "ಪಂಪೂ ಉಳೀತೈತಿ. ಹಗಲಾಗ ನನ್ನ ಅಂಗಳದಾಗ ರೋಜಾ ಮುರದಾಂವ ಉಳ್ಯಂಗಿಲ್ಲ. ಈದ್ ಮುಗದ ಮರುದಿನ ಒಬ್ಬನ ಅಗರಖೇಡಕ್ಕ ನಡಿ."

ಜೈನುದ್ದೀನ ಸಗೀರಾಳ ಮುಖ ನೋಡಿದ. ಅವಳು ತುಂಬಿದ ಬಾಟಲಿಗೆ ಬೂಚು ಗುದ್ದುತ್ತಿದ್ದಳು, ಅಪ್ಪನ ಮಾತಿಗೆ ಬೇಡವೆನ್ನಲಿಲ್ಲ. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದ. ನಳಿಗೆ ಹಿಡಿದ ಕೈ ಸಡಿಲಾಯಿತು, ರಸ ಮೊಣಕೈಗೆ ಹರಿಯಿತು.

"ಗಟ್ಯಾಗಿ ಹಿಡೀರಿ," ಎಂದು ಅವಳು ಖಾಲಿ ಬಾಟಲಿಯೊಂದನ್ನು ಕಾಲಿನಿಂದ ಅವನತ್ತ ತಳ್ಳಿದಳು.