ಮೂರು ತೂತು

ಆ ಹಸಿರು ಸೆರಗು ಶ್ಯಾಮಲಳದ್ದೇ, ಛೆ, ಮುಳಬಾಗಿಲಿನ ಪೇಟೆಬೀದಿಯಲ್ಲಿ ಹಸಿರು ಸೀರೆಗೇನು ಬರವೇ, ಇನ್ಯಾರದೋ ಇರಬಹುದು ಎಂದುಕೊಂಡ ಕದಿರೇಶ, ಆದರೆ ಸೆರಗಿನಡಿ ಉಬ್ಬಿಕೊಂಡಿರುವುದು ರೇಡಿಯೋ, ಅದರ ಚರ್ಮದ ಪಟ್ಟಿ ಮೊಣಕೈಯಲ್ಲಿ ತೂಗುತ್ತಿದೆ, ಕಟ್ಟಿಕೊಂಡ ಹೆಂಡತಿ ಗಂಡನ ರಿಪೇರಿ ಅಂಗಡಿಯ ಕಡೆ ತಿರುಗಿಯೂ ನೋಡದೆ ಎದುರಿನ ನರಸಿಂಹನ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾಳೆ — ಊರೆಲ್ಲ ಹತ್ತಿದ ಮೆಟ್ಟಿಲನ್ನು ಇವಳೂ ಹತ್ತಬೇಕೆ. ಕೈಯಲ್ಲಿ ಕಾದ ಬೆಸುಗೆ ಕಡ್ಡಿ, ಹೊಗೆ ಕಣ್ಣಿಗೆ, ಉರಿಯೆಲ್ಲ ಹೊಟ್ಟೆಗೆ. ಏನಿದೆ ಆ ನರಸಿಂಹನ ಹತ್ತಿರ, ಕೈಚಳಕವೇ, ಇಬ್ಬರೂ ಕೋಲಾರದಲ್ಲಿ ಒಬ್ಬರೇ ಮೇಷ್ಟರ ಹತ್ತಿರ ಕಲಿತದ್ದು, ಇರುವುದು ಒಂದು ಬಿಸ್ಕತ್ತಿನ ಡಬ್ಬಿ, ಅದರ ತುಂಬ ಹಳೇ ಟ್ರಾನ್ಸಿಸ್ಟರುಗಳು, ಕಡಲೆಕಾಳಿನ ಗಾತ್ರದ ಮೂರು ಕಾಲಿನ ಸಾಮಾನು, ಅದಿಲ್ಲದಿದ್ದರೆ ಈ ಸೀಮೆಯ ಅರ್ಧ ರೇಡಿಯೋಗಳಿಗೆ ಬಾಯಿಲ್ಲ. ಅವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಸಾಮಾನಿನ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೇ ನಿಂತಿದ್ದರಲ್ಲ, ಸೇಟು ಹೇಳಿದ, ಇದನ್ನ ಮಾಡೋ ಕಂಪನಿ ಮಾರಾಟ ಆಗೋಯ್ತು, ಹೊಸ ಯಜಮಾನರು ಟೀವಿ ಸಾಮಾನು ಮಾಡ್ತಾರಂತೆ, ಈ ಹಳೇ ಮಾಲು ಇನ್ನು ಬರಲ್ಲ, ಬೇಕಿದ್ರೆ ಈಗ್ಲೇ ತಗೊಳ್ಳಿ — ಕದಿರೇಶ ನಕ್ಕುಬಿಟ್ಟ, ಯಜಮಾನ ಬದಲಾದ್ರೆ ಹಸು ಹಾಲು ಕೊಡೋದು ಬಿಡ್ತದಾ ಸೇಟು. ನರಸಿಂಹ ನಗಲಿಲ್ಲ, ಇಡೀ ಪೆಟ್ಟಿಗೆ ಎತ್ತಿಕೊಂಡ. ಹಸು ಹಾಲು ಕೊಡೋದು ಬಿಟ್ಟಿತು. ಗಿರಾಕಿಗಳೂ ಬಿಟ್ಟರು.

ಆ ಮುನಿರಾಮಪ್ಪ ಬರದೇ ಇದ್ದಿದ್ದರೆ, ದೇವರಾಯಸಮುದ್ರದ ರೇಷ್ಮೆ ಬೆಳೆಗಾರ, ಹಳೇ ಗಿರಾಕಿ, ರೇಡಿಯೋ ಮೇಜಿನ ಮೇಲಿಟ್ಟು ಎದುರಂಗಡಿಯತ್ತ ಕತ್ತು ತಿರುಗಿಸಿದ, ನಿನ್ ಹತ್ರ ಸಾಮಾನು ಇಲ್ದಿದ್ರೆ ಹೇಳ್ಬಿಡಪ್ಪ, ಅಲ್ಲಿ ಸಿಗ್ತದಂತೆ — ಅಲ್ಲಿ, ಅಲ್ಲಿ, ಎಲ್ಲರ ಬಾಯಲ್ಲೂ ಅಲ್ಲಿ. ನಾಳೆ ಬಾ, ನನ್ ಹತ್ರಾನೂ ಅದೆ, ಅಂದುಬಿಟ್ಟಿತು ನಾಲಿಗೆ. ಮನೆಗೆ ಹೋದರೆ ಶ್ಯಾಮಲ ನೀರಿಗೆ ಹೋಗಿದ್ದಳು, ಗೋಡೆಯ ಗೂಡಿನಲ್ಲಿ ಅವಳ ರೇಡಿಯೋ, ತವರಿಂದ ತಂದದ್ದು, ಕಡಪ ಸ್ಟೇಷನ್ನಿನ ತೆಲುಗು ಹಾಡು ಹಾಕಿಕೊಂಡೇ ಮುದ್ದೆ ತಿರುವುವವಳು — ಹಿಂಬದಿ ಬಿಚ್ಚಿದ, ಸೀಸ ಕರಗಿಸಿದ, ಆ ಮೂರು ಕಾಲಿನ ಸಾಮಾನನ್ನು ನಾಜೂಕಾಗಿ ಎಳೆದುಕೊಂಡ, ಉಳಿದದ್ದು ಮೂರು ತೂತು. ಮಾರನೇ ದಿನ ಮುನಿರಾಮಪ್ಪ ರೇಡಿಯೋ ಹಾಡಿಸಿಕೊಂಡು ಬೀದಿಯುದ್ದಕ್ಕೂ ಹೋದ, ನರಸಿಂಹ ತಲೆಯೆತ್ತಿ ನೋಡಿದ, ಆಹಾ, ಆ ಒಂದು ಗಳಿಗೆಯ ಸುಖ. ಮನೆಯಲ್ಲಿ ಶ್ಯಾಮಲ, ರೀ, ರೇಡಿಯೋ ಮಾತಾಡ್ತಿಲ್ಲ. ಸಾಮಾನು ಸುಟ್ಟೋಗಿದೆ ಕಣೇ, ಸಿಗಲ್ಲ, ಕಂಪನಿ ಕೈ ಬದಲಾಯ್ತು. ಅಂದಿನಿಂದ ಅಡುಗೆಮನೆಯಲ್ಲಿ ಮುದ್ದೆಕೋಲಿನ ಸದ್ದೊಂದೇ, ಕಣ್ಣು ಮುಚ್ಚಿದರೆ ಆ ಮೂರು ತೂತು.

ಈಗ ನರಸಿಂಹ ಮುಚ್ಚಳ ಬಿಚ್ಚುತ್ತಿದ್ದಾನೆ, ಶ್ಯಾಮಲ ಬಗ್ಗಿ ನೋಡುತ್ತಿದ್ದಾಳೆ, ಅಷ್ಟು ಹತ್ತಿರ ಬಗ್ಗಬೇಕೆ — ಸುಟ್ಟದ್ದು ಯಾವುದು ಬಿಚ್ಚಿದ್ದು ಯಾವುದು ಅವನಿಗೆ ತಿಳಿಯದಿರುತ್ತದೆಯೇ, ಹೇಳುತ್ತಾನೆ, ನಿನ್ ಗಂಡಾನೇ ಕಿತ್ಕೊಂಡಿರೋದು ಕಣಮ್ಮ, ಹೇಳಲಿ, ಹೇಳಿದರೆ ಹೋಗಿ ಕೊರಳಪಟ್ಟಿ ಹಿಡಿಯಬಹುದು, ವರ್ಷಗಳಿಂದ ಕಾದದ್ದು ಅದಕ್ಕೇ. ನರಸಿಂಹ ತಲೆಯೆತ್ತಿದ, ಬೀದಿಯಾಚೆ ನೇರ ಕದಿರೇಶನನ್ನೇ ನೋಡಿದ, ತಲೆ ತಗ್ಗಿಸಿದ, ಡಬ್ಬಿ ತೆಗೆದ. ಸ್ವಲ್ಪ ಹೊತ್ತಿಗೆ ಹಾಡು. ಶ್ಯಾಮಲ ನಗುತ್ತಿದ್ದಾಳೆ, ಆ ನಗು ಮನೆಯಲ್ಲಿ ಕಂಡು ಎಷ್ಟು ದಿನವಾಯಿತು, ಅದನ್ನೂ ಆ ಡಬ್ಬಿಯಿಂದಲೇ ತೆಗೆದುಕೊಟ್ಟನೇ ಪಾಪಿ. ಬೀದಿ ದಾಟಿ ಬಂದಳು, ಹಾಡುವ ರೇಡಿಯೋವನ್ನು ಅವನ ಮುಂದಿಟ್ಟಳು, ನರಸಿಂಹಣ್ಣ ಕಾಸು ಬೇಡ ಅಂದ್ರು ರೀ. ಮತ್ತೇನಂದ. ಸುಟ್ಟೋಗಿತ್ತಮ್ಮ, ಕದಿರೇಶ ಹೇಳಿದ್ದು ನಿಜಾನೇ, ಅಂದ್ರು — ಸುಳ್ಳು ಹೇಳಿದನೇ, ತನಗೋಸ್ಕರ, ಅದರಲ್ಲೂ ತನಗಿಂತ ಒಂದು ಕೈ ಮೇಲೇ, ಥೂ. ಶ್ಯಾಮಲ ಹಾಡು ನಿಲ್ಲಿಸಿದಳು. ನಾನೂ ಬಗ್ಗಿ ನೋಡ್ದೆ ರೀ, ಅಲ್ಲಿ ಸುಟ್ಟಿದ್ದೇನೂ ಇರ್ಲಿಲ್ಲ. ನಗು ಇಲ್ಲ, ಸಿಟ್ಟೂ ಇಲ್ಲ, ಅವನ ಕೈಯ ಕಡ್ಡಿಯನ್ನೇ ನೋಡುತ್ತಿದ್ದಾಳೆ, ಏನಾದರೂ ಹೇಳಬೇಕು, ಕಂಪನಿ, ಕಂಪನಿ ಕೈ ಬದಲಾಯ್ತು ಕಣೇ, ಹೊಸ ಯಜಮಾನರು, ಹೊಸ — ಮೂರು ತೂತು, ಅಚ್ಚುಕಟ್ಟಾದ, ಸೀಸ ಒರೆಸಿದ, ಮೂರು ತೂತು.